ಲಿಸ್ಬನ್ನಿನಲ್ಲಿ ನೋವೈ ಏಕಾದಶಿ

ಅಮೆರಿಕದ ಮಿಷಿಗನ್ನಿನಲ್ಲಿರುವ ನೋವೈ ಊರಿನ ದ್ವಾರಕಾನಾಥರ ಬೇಸ್‌ಮೆಂಟಿನಲ್ಲಿ ಗೋಡೆಯಗಲದ ಪ್ರಪಂಚದ ನಕ್ಷೆಯೊಂದಿದೆ. ಅದರ ಮೇಲೆ ನಲವತ್ತೊಂದು ಕೆಂಪು ಗುಂಡುಪಿನ್ನು. ಊಟಕ್ಕೆ ಕರೆದವರನ್ನೆಲ್ಲ ಅವರು ಮೊದಲು ಅಲ್ಲಿಗೆ ಇಳಿಸಿ, ಒಂದೊಂದು ಪಿನ್ನಿನ ಕಥೆ ಹೇಳಿ, ಸಾಂಬಾರು ಆರಿದ ಮೇಲೆ ತಟ್ಟೆ ಕೊಡಿಸುತ್ತಾರೆ. ಓಕ್ಲ್ಯಾಂಡ್ ಕೌಂಟಿಯ ಕನ್ನಡಿಗರಲ್ಲಿ ನಲವತ್ತೊಂದು ದೇಶ ನೋಡಿದವರು ತಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎನ್ನುವುದು ಅವರ ನಂಬಿಕೆ. ಇರಬಹುದು. ಆದರೆ ಆ ನಲವತ್ತೊಂದರಲ್ಲಿ ಒಂದು ಕಡೆಯಾದರೂ ಕುರ್ಚಿ ಎಳೆದುಕೊಂಡು ಕೂತು ಅಲ್ಲಿನವರ ಕೈಯಡುಗೆ ಒಂದು ತುತ್ತು ತಿಂದಿದ್ದೀರಾ ಎಂದು ಯಾರೂ ಅವರನ್ನು ಕೇಳಿರಲಿಲ್ಲ. ಕೇಳಿದ್ದರೆ, ಇಲ್ಲ ಎಂದು ಅವರ ಹೆಂಡತಿ ಸರಳಾ ಹೇಳುತ್ತಿದ್ದಳು.

ಅವರದು ಹಡಗಿನ ಪ್ರವಾಸ. ಬೆಳಗ್ಗೆ ಎಂಟಕ್ಕೆ ಹಡಗು ಬಂದರು ಮುಟ್ಟಿದರೆ ಒಂಬತ್ತಕ್ಕೆ ಇಳಿಯುವುದು, ಹನ್ನೆರಡೂವರೆಗೆ ಹಡಗಿಗೆ ವಾಪಸಾಗುವುದು. ಊಟ ಹೇಗೂ ಟಿಕೆಟ್ಟಿನಲ್ಲೇ ಸೇರಿದೆಯಲ್ಲ, ಹೊರಗೆ ಯಾಕೆ ತಿನ್ನಬೇಕು ಎಂಬುದು ದ್ವಾರಕಾನಾಥರ ವಾದ. ಹಾಗಾಗಿ ಗ್ರೀಸ್ ಎಂದರೆ ಮೂರೂವರೆ ಗಂಟೆ, ಇಟಲಿ ಎಂದರೆ ಮೂರೂವರೆ ಗಂಟೆಯ ಎರಡು ಕಂತು. ಪಕ್ಕದೂರು ವಿಕ್ಸಮ್ಮಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕ್ವಾಲಿಟಿ ಆಡಿಟ್ ಮಾಡಿದ ಮನುಷ್ಯ ಅವರು. ಬ್ರೇಕಿನ ಕೊಳವೆ ಮಾಡುತ್ತಿದ್ದವರು ಬೇರೆಯವರು. ಕೊಳವೆಯಲ್ಲಿ ತಪ್ಪು ಹುಡುಕುತ್ತಿದ್ದವರು ಇವರು. ರಿಟೈರಾದ ಮೇಲೆ ಹುಡುಕಲು ಕೊಳವೆ ಇಲ್ಲದೆ ದೇಶಗಳಿಗೆ ಗಂಟುಬಿದ್ದರು. ನೋವೈ ದೇವಸ್ಥಾನದ ಪರಿಚಯದ ಐದು ಜೋಡಿಗಳು ಅವರ ಹಿಂದೆ ಬಿದ್ದಿದ್ದವು. ಯಾವ ಹಡಗು, ಯಾವ ಡೆಕ್ಕು, ಎಲ್ಲಿ ಫೋಟೋ, ಎಲ್ಲಿ ಫ್ರೀ ಟಾಯ್ಲೆಟ್ಟು ಎಲ್ಲ ಒಂದು ಶೀಟಿನಲ್ಲಿ ಹಾಕಿ, ಅದಕ್ಕೆ ವರ್ಷನ್ ನಂಬರು ಕೊಟ್ಟು, ಎಲ್ಲರಿಗೂ ಕಳಿಸುತ್ತಿದ್ದರು. ಹನ್ನೊಂದು ಜನ ಬಾಯಿಗೆ ಬೀಗ ಹಾಕಿಕೊಂಡು ಆ ಶೀಟಿನ ಪ್ರಕಾರ ನಡೆಯುತ್ತಿದ್ದರು. ಹನ್ನೊಂದರಲ್ಲಿ ಸರಳಾ ಒಬ್ಬಳು.

ಸರಳಾ ಮೈಸೂರಿನ ಕೃಷ್ಣಮೂರ್ತಿಪುರಂನವಳು. ಅಪ್ಪ ಹೈಸ್ಕೂಲಿನ ಗಣಿತದ ಮೇಷ್ಟ್ರು. ಬಿಡುವಿನಲ್ಲಿ ಪಂಚಾಂಗದ ಲೆಕ್ಕ ಹಾಕುವುದು ಅವರಿಗೆ ಚಟ. ತಿಥಿ ಎಷ್ಟು ಘಳಿಗೆ, ಸೂರ್ಯೋದಯ ಎಷ್ಟು ಹೊತ್ತಿಗೆ ಎಂದು ಮಗಳಿಗೆ ಬೆರಳೆಣಿಸಿ ತೋರಿಸುತ್ತಿದ್ದರು. ಮದುವೆಯಾಗಿ ಮಿಷಿಗನ್ನಿಗೆ ಬಂದ ಸರಳಾ ಆನ್ ಆರ್ಬರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ರಕ್ತದ ಸ್ಲೈಡು ನೋಡಿದಳು. ಹಿಮವಿರಲಿ, ಮಳೆಯಿರಲಿ, ಬೆಳಗ್ಗೆ ಆರಕ್ಕೆ ಕಾರು ತೆಗೆದು ಮೂವತ್ತು ಮೈಲಿ ಡ್ರೈವ್ ಮಾಡಬೇಕು. ಮಧ್ಯಾಹ್ನದ ಊಟಕ್ಕೆ ಸಿಗುತ್ತಿದ್ದದ್ದು ಹನ್ನೆರಡು ನಿಮಿಷ. ಮೈಕ್ರೋವೇವಿನ ಮುಂದೆ ನಿಂತೇ ಅರ್ಧ ಡಬ್ಬಿ ಖಾಲಿ ಮಾಡುತ್ತಿದ್ದಳು. ಇಬ್ಬರು ಮಕ್ಕಳನ್ನು ಬೆಳೆಸಿದಳು, ಬೇಸ್‌ಮೆಂಟಿನ ಪಾಟ್‌ಲಕ್ ಊಟಗಳಿಗೆ ದೊಡ್ಡ ಟ್ರೇ ತುಂಬ ಬಿಸಿಬೇಳೆಬಾತು ಮಾಡಿದಳು, ತಾನು ಯಾವಾಗಲೂ ಕೊನೆಗೆ ತಣ್ಣಗಿದ್ದದ್ದನ್ನು ತಿಂದಳು.

ಲ್ಯಾಬಿನಲ್ಲಿ ಅವಳ ಪಕ್ಕದ ಕುರ್ಚಿ ಲೂರ್ಡೆಸ್ ಎಂಬ ಪೋರ್ಚುಗೀಸ್ ಹೆಂಗಸಿನದು. ಲಿಸ್ಬನ್ನಿನ ಅಲ್ಫಾಮಾ ಎಂಬ ಗುಡ್ಡದ ಕೇರಿಯಲ್ಲಿ ಹುಟ್ಟಿದವಳು. ಹನ್ನೊಂದು ವರ್ಷ ಇಬ್ಬರೂ ಡಬ್ಬಿ ಬದಲಾಯಿಸಿಕೊಂಡರು. ಶುಕ್ರವಾರ ಲೂರ್ಡೆಸ್ ಹಸಿ ಬೀನ್ಸನ್ನು ಉದ್ದುದ್ದಕ್ಕೆ ಹಿಟ್ಟಿನಲ್ಲಿ ಅದ್ದಿ ಕರಿದು ತರುತ್ತಿದ್ದಳು. ಬಜ್ಜಿಯೇ. ಐದು ಗಂಟೆ ಡಬ್ಬಿಯಲ್ಲಿ ಕೂತು ಒದ್ದೆಬಟ್ಟೆಯ ಹಾಗೆ ಆಗಿರುತ್ತಿತ್ತು. ಇದು ತಿನ್ನುವ ರೀತಿಯೇ ಅಲ್ಲ, ನಮ್ಮ ಬೀದಿಯಲ್ಲಿ ಕೂತು ಬಾಣಲೆಯಿಂದ ತೆಗೆದದ್ದನ್ನು ಹಾಗೇ ತಿನ್ನಬೇಕು ಎಂದು ಲೂರ್ಡೆಸ್ ಪ್ರತಿ ಶುಕ್ರವಾರ ಬೇಜಾರು ಮಾಡಿಕೊಳ್ಳುತ್ತಿದ್ದಳು. ರಿಟೈರಾಗಿ ಫ್ಲಾರಿಡಾಕ್ಕೆ ಹೋಗುವಾಗ ಆ ಬೀದಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಸರಳಾಗೆ ಅದೊಂದು ಆಸೆಯಾಗಿ ಕೂತುಬಿಟ್ಟಿತು. ದೊಡ್ಡದೇನಲ್ಲ. ಬೇರೆ ದೇಶದಲ್ಲಿ ಒಂದು ಮೇಜಿನ ಮುಂದೆ ಕೂತು, ಇನ್ನೊಬ್ಬರು ಮಾಡಿ ಬಡಿಸಿದ್ದನ್ನು ಬಿಸಿಬಿಸಿಯಾಗಿ, ಗಡಿಯಾರ ನೋಡದೆ ತಿನ್ನಬೇಕು.

ಹದಿನಾಲ್ಕನೆಯ ಪ್ರವಾಸ ಪೋರ್ಚುಗಲ್ಲಿಗೆ ಎಂದು ಗೊತ್ತಾದಾಗ ಅವಳು ಗಂಡನ ಎದುರು ನಿಂತಳು. ಜನವರಿ ತಿಂಗಳು, ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟು. ಅವಳು ಪಾತ್ರೆ ಒರೆಸುತ್ತಲೇ ಹೇಳಿದಳು: "ಲಿಸ್ಬನ್ನಲ್ಲಿ ಒಂದು ಮಧ್ಯಾಹ್ನದ ಊಟ ನಂದು. ಹೊರಗೆ, ಕೂತ್ಕೊಂಡು. ಆಗಲ್ಲ ಅನ್ನೋ ಹಾಗಿದ್ರೆ ಈಗಲೇ ಹೇಳಿ, ನಾನು ಬರೋದೇ ಇಲ್ಲ."

ದ್ವಾರಕಾನಾಥರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಒಂದು ಕ್ಷಣ ಯೋಚಿಸಿದರು. "ಆಯ್ತು ಕಣೆ. ಲಿಸ್ಬನ್ ಲಂಚ್ ನಿಂದು."

ಇಷ್ಟು ಸುಲಭಕ್ಕೆ ಒಪ್ಪಿದರಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಶಿಕಾಗೋ ಹತ್ತಿರ ನೇಪರ್‌ವಿಲ್ಲಿನಲ್ಲಿರುವ ಮಗಳು ಮೈತ್ರೇಯಿಗೆ ಫೋನು ಮಾಡಿ ಹೇಳಿದಳು. ಮಗಳು ಇಂಗ್ಲಿಷಿನಲ್ಲೇ ನಕ್ಕು, ಊಟಕ್ಕೆ ಪರ್ಮಿಷನ್ ಯಾಕೆ ಬೇಕಮ್ಮ ಎಂದಳು.

ಸೆಪ್ಟೆಂಬರಿನಲ್ಲಿ ಹೊರಟರು. ಮೊದಲ ಪೋರ್ಚುಗೀಸ್ ನಿಲುಗಡೆ ಪೋರ್ತೊ. ಬಂದರಿನಿಂದ ಬಸ್ಸಿನಲ್ಲಿ ಊರಿಗೆ ಕರೆದುಕೊಂಡು ಹೋಗಿ, ನದಿಯಾಚೆಯ ವೈನಿನ ನೆಲಮಾಳಿಗೆಯೊಂದಕ್ಕೆ ಇಳಿಸಿದರು. ನಿಂತ ಆನೆಯಷ್ಟೆತ್ತರದ ಮರದ ಪೀಪಾಯಿಗಳು, ತಣ್ಣನೆ ಕತ್ತಲು, ಹಳೆಯ ಬೆಲ್ಲದ ವಾಸನೆ. ಗೈಡು ಹುಡುಗಿ ಒಬ್ಬೊಬ್ಬರಿಗೆ ಮೂರು ಪುಟ್ಟ ಗ್ಲಾಸು ಇಟ್ಟಳು. ದ್ವಾರಕಾನಾಥರು ತಕ್ಷಣ ಆಜ್ಞೆ ಹೊರಡಿಸಿದರು: ಫೋಟೋದಲ್ಲಿ ಪೀಪಾಯಿ ಬರಲಿ, ಗ್ಲಾಸು ಬರಬಾರದು, ದೇವಸ್ಥಾನದ ಕಮಿಟಿಯವರು ನೋಡುತ್ತಾರೆ. ಆರು ಜೋಡಿಗಳೂ ಗ್ಲಾಸನ್ನು ಬೆನ್ನ ಹಿಂದೆ ಹಿಡಿದು, ಪೀಪಾಯಿಗೆ ಒರಗಿ, ಶಾಲೆಯ ಗ್ರೂಪ್ ಫೋಟೋದ ಹಾಗೆ ನಿಂತರು.

ಆಮೇಲೆ ಶುರುವಾಯಿತು ನಾಟಕ. ಆನ್ ಆರ್ಬರಿನ ಹೃದಯದ ಡಾಕ್ಟರ್ ಶಶಿಧರ, ಈ ಸಿಹಿ ವೈನು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಎಲ್ಲರಿಗೂ ಹೇಳಿ ತನ್ನ ಮೂರು ಗ್ಲಾಸು ಕುಡಿದ. ಬಿಟ್ಟರೆ ದಂಡ ಎಂದು ಹೆಂಡತಿ ಆಶಾರಾಣಿಯ ಮೂರನ್ನೂ ಕುಡಿದ. ಕುಡಿದ ಮೇಲೆ ಕಂಡಕಂಡವರ ಕೊಲೆಸ್ಟ್ರಾಲ್ ಎಷ್ಟೆಂದು ಜೋರಾಗಿ ವಿಚಾರಿಸತೊಡಗಿದ. ಗದಗಿನ ಕಡೆಯ ಎಂಜಿನಿಯರ್ ಕಲ್ಲಿನಾಥ ಮೂಸಿ ನೋಡಿ ಕೆಮ್ಮಿನ ಔಷಧ ಎಂದು ತೀರ್ಪು ಕೊಟ್ಟ. ದ್ವಾರಕಾನಾಥರು ಹಡಗಿನಿಂದ ತಂದ ಬಾಟಲಿಯ ನೀರು ಕುಡಿಯುತ್ತ, ವರ್ಷಕ್ಕೆ ಎಷ್ಟು ಪೀಪಾಯಿ ಸೋರುತ್ತವೆ, ಅದಕ್ಕೆ ರಿಪೋರ್ಟು ಯಾರು ಬರೆಯುತ್ತಾರೆ ಎಂದು ಗೈಡಿನ ತಲೆ ತಿಂದರು. ಪಾಪ, ಆ ಹುಡುಗಿ ನಗುವುದನ್ನು ಬಿಡಲಿಲ್ಲ. ಸರಳಾ ಒಂದು ಗ್ಲಾಸು ನಿಧಾನವಾಗಿ ಕುಡಿದಳು. ನೆನೆಸಿದ ಒಣದ್ರಾಕ್ಷಿಯ ರುಚಿ, ಗಂಟಲಿಗಿಳಿದ ಮೇಲೆ ಬಿಸಿ. ಅವಳಿಗೆ ಇಷ್ಟವಾಯಿತು, ಹಾಗೆಂದು ಯಾರಿಗೂ ಹೇಳಲಿಲ್ಲ.

ಹೊರಗೆ ಬಂದರೆ ನದಿಯ ದಂಡೆಯುದ್ದಕ್ಕೂ ಮೇಜು ಹಾಕಿ ಜನ ಊಟಕ್ಕೆ ಕೂತಿದ್ದರು. ಮುದುಕ ಮುದುಕಿಯರು, ಅವಸರವಿಲ್ಲದೆ, ಬ್ರೆಡ್ಡು ಮುರಿಯುತ್ತ, ಮಾತಾಡುತ್ತ. ನೋವೈ ಪಡೆ ಅವರ ನಡುವೆಯೇ ಒಬ್ಬರ ಹಿಂದೊಬ್ಬರು ಹಾದು ಬಸ್ಸು ಹತ್ತಿತು. ಹನ್ನೆರಡೂವರೆಗೆ ಹಡಗು. ಹಡಗಿನಲ್ಲಿ ಪಾಸ್ತಾ, ಅದರ ಮೇಲೆ ಚೀಲದಿಂದ ತೆಗೆದ ಚಟ್ನಿಪುಡಿ.

ಆ ಸಂಜೆ ವಾಟ್ಸ್ಯಾಪ್ ಗ್ರೂಪಿಗೆ ದ್ವಾರಕಾನಾಥರ ಮೆಸೇಜು ಬಂತು. ನಾಳೆ ಲಿಸ್ಬನ್. ನಾಳೆಯೇ ಏಕಾದಶಿ. ಏಕಾದಶಿ ಮಾಡದವರೂ ಗ್ರೂಪಿನ ಜೊತೆ ಉಪವಾಸ ಮಾಡುವುದು, ಹೊಟ್ಟೆಗೂ ರೆಸ್ಟು. ಊಟದ ಸಮಯ ಉಳಿಯುವುದರಿಂದ ವಾಪಸಾಗುವುದು ಮೂರಕ್ಕೆ, ಎರಡು ವ್ಯೂಪಾಯಿಂಟ್ ಎಕ್ಸ್‌ಟ್ರಾ. ಹತ್ತು ಜನ ಹೆಬ್ಬೆರಳು ಒತ್ತಿದರು.

ಸರಳಾ ಕ್ಯಾಬಿನ್ನಿನ ಮಂಚದ ಮೇಲೆ ಕೂತು ಅದನ್ನು ಎರಡು ಸಲ ಓದಿದಳು. ಲಗೇಜಿನ ಗಡಿಬಿಡಿಯಲ್ಲಿ ಅವಳು ತಿಥಿ ನೋಡಿರಲಿಲ್ಲ. ಗಂಡನನ್ನು ಕೇಳಿದರೆ, ಶೀಟಿನಲ್ಲಿತ್ತಲ್ಲ, ಏಳನೆಯ ಕಾಲಮ್ಮು, ಎಲ್ಲರಿಗೂ ಕಳಿಸಿದ್ದೆನಲ್ಲ ಎಂದರು. ಅವಳು ಫೋನಿನಲ್ಲಿ ಹಳೆಯ ಶೀಟುಗಳನ್ನೆಲ್ಲ ತೆರೆದಳು. ವರ್ಷನ್ ಏಳರಲ್ಲಿ ಇತ್ತು. ಆರರಲ್ಲಿ ಇತ್ತು. ಡಿಸೆಂಬರಿನಲ್ಲಿ ಮಾಡಿದ ಮೊಟ್ಟಮೊದಲ ವರ್ಷನ್ನಿನಲ್ಲೂ ಲಿಸ್ಬನ್ನಿನ ಎದುರು ಏಕಾದಶಿ ಎಂದೇ ಇತ್ತು. ಅವರು ಅವಳಿಗೆ ಮಾತು ಕೊಟ್ಟದ್ದು ಜನವರಿಯಲ್ಲಿ.

"ಏಕಾದಶಿ ಅಂತ ಗೊತ್ತಿದ್ದೇ ಲಿಸ್ಬನ್ ಲಂಚ್ ನಿಂದು ಅಂದ್ರಾ?"

ದ್ವಾರಕಾನಾಥರು ಸಾಕ್ಸು ಮಡಿಸುತ್ತಿದ್ದರು. ಮಡಿಸುತ್ತಲೇ ಇದ್ದರು.

ಇದು ಮೋಸ. ಬೇರೆ ಹೆಸರು ಅದಕ್ಕಿಲ್ಲ. ಸರಳಾ ಏಕಾದಶಿ ಮುರಿಯುವವಳಲ್ಲ. ಎರಡು ಬಸಿರಿನಲ್ಲಿ ಬಿಟ್ಟರೆ ಬುದ್ಧಿ ಬಂದಾಗಿನಿಂದ ಅವಳು ಆ ದಿನ ಅನ್ನ ಮುಟ್ಟಿದವಳಲ್ಲ. ಅದು ಗೊತ್ತಿದ್ದೇ, ಅವಳ ನೇಮವನ್ನೇ ಅವಳ ಬಾಯಿಗೆ ಅಡ್ಡ ಇಟ್ಟು, ಉದಾರಿಯ ಹಾಗೆ ಆಯ್ತು ಕಣೆ ಎಂದಿದ್ದರು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಹಡಗು ಲಿಸ್ಬನ್ನಿನಲ್ಲಿ ಅಲ್ಫಾಮಾ ಗುಡ್ಡದ ಬುಡದಲ್ಲೇ ನಿಂತಿತು. ಅವಳ ಬೀದಿ ಅಲ್ಲೇ ತಲೆಯ ಮೇಲಿದೆ. ಆದರೆ ಶೀಟಿನ ಪ್ರಕಾರ ಮೊದಲು ಊರಿನ ಆ ತುದಿಯ ಬೆಲೇಂಗೆ ಹೋಗಬೇಕು. ಹೋದರು. ನದಿದಡದ ಗೋಪುರದ ಮುಂದೆ ಆರು ಜೋಡಿ ಫೋಟೋ, ಒಂದು ಗ್ರೂಪು. ಚರ್ಚಿನೊಳಗೆ ಭಾರತಕ್ಕೆ ದಾರಿ ಹುಡುಕಿದ ನಾವಿಕನ ಸಮಾಧಿ. ಅದರ ಎದುರು ನಿಂತು ದ್ವಾರಕಾನಾಥರು, ಮೆಣಸಿನಕಾಯಿಯನ್ನು ನಮಗೆ ಕೊಟ್ಟವರು ಪೋರ್ಚುಗೀಸರೇ, ಇವರಿಲ್ಲದಿದ್ದರೆ ನಮ್ಮ ಸಾರಿಗೆ ಖಾರವಿಲ್ಲ ಎಂದು ಹತ್ತು ನಿಮಿಷ ಭಾಷಣ ಮಾಡಿದರು. ಅಷ್ಟು ಕೊಟ್ಟವರ ಮನೆಯಲ್ಲಿ ಒಂದು ಹೊತ್ತು ಕೂತು ಉಣ್ಣಬೇಕೆಂದು ಮಾತ್ರ ಈ ಮನುಷ್ಯನಿಗೆ ಒಮ್ಮೆಯೂ ಅನ್ನಿಸಿಲ್ಲವಲ್ಲ ಎಂದುಕೊಂಡಳು ಸರಳಾ. ಪಕ್ಕದ ಬೇಕರಿಯ ಮುಂದೆ ಬಿಸಿ ಕಸ್ಟರ್ಡ್ ಬಿಲ್ಲೆಗಳಿಗೆ ಉದ್ದದ ಕ್ಯೂ ಇತ್ತು. ವಾಸನೆ ಬೀದಿಗೆಲ್ಲ ಬರುತ್ತಿತ್ತು. ದ್ವಾರಕಾನಾಥರು ಮೂಗು ಮುರಿದು, ಅದರಲ್ಲಿ ಬರೀ ಮೊಟ್ಟೆ, ಏಕಾದಶಿ ಅಲ್ಲದಿದ್ದರೂ ನಮಗೆ ಆಗದು ಎಂದರು. ನೋವೈಯ ಬರ್ತ್‌ಡೇ ಪಾರ್ಟಿಗಳಲ್ಲಿ ಅವರು ತಿಂದ ಕೇಕಿನ ಮೊಟ್ಟೆಗಳನ್ನು ಒಟ್ಟು ಹಾಕಿದರೆ ಒಂದು ಕೋಳಿಫಾರಂ ಆಗುತ್ತಿತ್ತು.

ಹನ್ನೆರಡಕ್ಕೆ ಅಲ್ಫಾಮಾದ ಮೆಟ್ಟಿಲು ಹತ್ತಿ ಮೊದಲನೆಯ ಎಕ್ಸ್‌ಟ್ರಾ ವ್ಯೂಪಾಯಿಂಟಿಗೆ ಬಂದರು. ಕೆಳಗೆ ಕೆಂಪು ಹೆಂಚಿನ ಮನೆಗಳು, ಆಚೆ ಸಮುದ್ರದಷ್ಟು ಅಗಲದ ನದಿ. ಯಾರಿಗೂ ಅದನ್ನು ನೋಡುವ ತ್ರಾಣವಿರಲಿಲ್ಲ. ಡಾಕ್ಟರ್ ಶಶಿಧರನ ಮುಖ ಇಳಿದುಹೋಗಿತ್ತು. ಏಕಾದಶಿಯ ಗಂಧವೇ ಇಲ್ಲದ ಕಲ್ಲಿನಾಥ ಮೂರನೆಯ ಸಲ ಟಾಯ್ಲೆಟ್ಟಿಗೆ ಹೋಗಿ ಬಂದ. ಅವನ ಮೀಸೆಯಲ್ಲಿ ಶೇಂಗಾ ಹೋಳಿಗೆಯ ಪುಡಿ ಅಂಟಿತ್ತು. ಅವನ ಹೆಂಡತಿ ಶಾಂಭವಿ ಮಾತ್ರ ಪಾಪ, ನಿಜಕ್ಕೂ ಉಪವಾಸವಿದ್ದು, ಗೋಡೆಗೆ ತಲೆಯಾನಿಸಿ ಕೂತಿದ್ದಳು.

ಅಲ್ಲಿನ ಕಾಫಿ ಅಂಗಡಿಯ ವೈಫೈ ಸಿಕ್ಕು ಸರಳಾಳ ಫೋನು ಸಾಲಾಗಿ ಸದ್ದು ಮಾಡಿತು. ಮಗಳ ಮೆಸೇಜು, ಬ್ಯಾಂಕಿನ ಜಾಹೀರಾತು, ಕೊನೆಗೆ ಅವಳ ಪಂಚಾಂಗದ ಆ್ಯಪು. ಅದು ತನ್ನಷ್ಟಕ್ಕೆ ಊರು ಬದಲಾಯಿಸಿಕೊಂಡು ಲಿಸ್ಬನ್ ಎಂದು ತೋರಿಸುತ್ತಿತ್ತು. ದಶಮಿ, ಬೆಳಗ್ಗೆ ಒಂಬತ್ತು ಗಂಟೆ ನಾಲ್ಕು ನಿಮಿಷದವರೆಗೆ. ಏಕಾದಶಿ ವ್ರತ, ನಾಳೆ.

ಅವಳು ಮೊದಲು ನಂಬಲಿಲ್ಲ. ಅಪ್ಪ ಕಲಿಸಿದ ಹಾಗೆ ಬೆರಳೆಣಿಸಿದಳು. ಸೂರ್ಯ ಹುಟ್ಟುವ ಹೊತ್ತಿಗೆ ದಶಮಿ ಇದ್ದರೆ ಆ ದಿನ ಏಕಾದಶಿಯಲ್ಲ. ಲಿಸ್ಬನ್ನಿನಲ್ಲಿ ಸೂರ್ಯ ಹುಟ್ಟಿದ್ದು ಏಳಕ್ಕೆ, ಆಗ ದಶಮಿ. ನೋವೈ ಐದು ಗಂಟೆ ಹಿಂದೆ. ಅಲ್ಲಿ ಬೆಳಗಾಗುವ ಹೊತ್ತಿಗೆ ದಶಮಿ ಮುಗಿದು ಮೂರು ಗಂಟೆ. ಹಾಗಾಗಿ ಏಕಾದಶಿ ನೋವೈಗೆ ಇವತ್ತು, ಇಲ್ಲಿಗೆ ನಾಳೆ. ದೇವಸ್ಥಾನದವರು ಕ್ಯಾಲೆಂಡರು ಹಾಕಿದ್ದು ನೋವೈಯವರಿಗೆ, ಅದರಲ್ಲಿ ತಪ್ಪಿಲ್ಲ. ಬ್ರೇಕಿನ ಕೊಳವೆಯ ಒಂದು ಕೂದಲೆಳೆ ವ್ಯತ್ಯಾಸವನ್ನೂ ಬಿಡದ ಮಹಾನುಭಾವರು, ಆ ಕ್ಯಾಲೆಂಡರನ್ನು ನಾಲ್ಕು ಸಾವಿರ ಮೈಲಿ ಹೊತ್ತುಕೊಂಡು ಬಂದು ಹನ್ನೊಂದು ಜನರನ್ನು ದಶಮಿಯ ದಿನ ಹಸಿವಿಗೆ ಕೆಡವಿದ್ದರು. ದಶಮಿಯ ದಿನ ಮಧ್ಯಾಹ್ನ ಒಪ್ಪತ್ತು ಊಟ ಮಾಡಬಹುದು. ಮಾಡಲೇಬೇಕು ಎಂದಿತು ಅವಳ ಹೊಟ್ಟೆ.

ಅವಳು ಗಂಡನನ್ನು ಬೇಲಿಯ ಹತ್ತಿರ ಕರೆದು ಫೋನು ತೋರಿಸಿದಳು. ದ್ವಾರಕಾನಾಥರು ಕನ್ನಡಕ ಹಣೆಗೇರಿಸಿ ಓದಿದರು. ಅವರಿಗೂ ಲೆಕ್ಕ ಬರುತ್ತದೆ. ಅರ್ಥವಾಯಿತು ಎನ್ನುವುದು ಅವರ ಕಿವಿ ಕೆಂಪಾದದ್ದರಲ್ಲೇ ಅವಳಿಗೆ ಗೊತ್ತಾಯಿತು.

"ನಮ್ಮ ಮನೆ ಇರೋದು ನೋವೈಯಲ್ಲಿ. ನಾವು ನಮ್ಮ ದೇವಸ್ಥಾನದ ಪ್ರಕಾರ ಮಾಡೋದು," ಎಂದರು.

"ನೋವೈಯಲ್ಲಿ ಈಗಷ್ಟೇ ಸೂರ್ಯ ಹುಟ್ತಿದಾನೆ ರೀ. ಇಲ್ಲಿ ಮಧ್ಯಾಹ್ನ ಆಯ್ತು. ನಾನು ಊಟ ಮಾಡ್ಕೊಂಡು ಮೂರೂವರೆಗೆ ಹಡಗಿಗೆ ಬರ್ತೀನಿ."

ಅವರು ದನಿ ತಗ್ಗಿಸಿದರು. ಗ್ರೂಪಿನ ಡಿಸಿಪ್ಲಿನ್ ಹಾಳಾಗುತ್ತದೆ ಎಂದರು. ಹದಿನಾಲ್ಕು ಟ್ರಿಪ್ಪಿನಲ್ಲಿ ಒಂದು ತಪ್ಪಾಗಿಲ್ಲ ಎಂದರು. ಕೊನೆಗೆ, "ಇವರಿಗೆಲ್ಲ ಹೇಳ್ಬೇಡ ಕಣೆ," ಎಂದರು. ತಪ್ಪಾಯಿತು ಎಂಬ ಒಂದು ಮಾತು, ಡಿಸೆಂಬರಿನ ಶೀಟಿಗೂ ಸೇರಿಸಿ, ಆ ಬಾಯಿಂದ ಬರಲಿಲ್ಲ.

"ನಾನಾಗಿ ಹೇಳಲ್ಲ," ಎಂದಳು ಸರಳಾ. "ಕೇಳಿದ್ರೆ ಸುಳ್ಳು ಹೇಳಲ್ಲ."

ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಮಂಡಿ ನೋಯುತ್ತಿತ್ತು. ಹಿಂದೆ ತಿರುಗಿ ನೋಡಲಿಲ್ಲ. ಸರಳಾ ಎಲ್ಲಿಗೆ ಹೋದರು ಎಂದು ಯಾರೋ ಕೇಳಿದ್ದೂ, ಹಳೇ ಕಲೀಗ್ ಒಬ್ಬರ ಮನೆಗೆ ಎಂದು ದ್ವಾರಕಾನಾಥರು ಹೇಳಿದ್ದೂ ಅವಳಿಗೆ ಕೇಳಿಸಿತು.

ಲೂರ್ಡೆಸ್ ಬರೆದುಕೊಟ್ಟ ಬೀದಿ ಬೀದಿಯೇ ಅಲ್ಲ, ಇಬ್ಬರು ಎದುರಾದರೆ ಒಬ್ಬರು ಬಾಗಿಲೊಳಗೆ ಸರಿಯಬೇಕಾದ ಸಂದಿ. ತಲೆಯ ಮೇಲೆ ಒಣಹಾಕಿದ ಬಟ್ಟೆ. ಮಧ್ಯದಲ್ಲಿ ಒಂದು ಊಟದ ಮನೆ, ಹೊರಗೆ ನಾಲ್ಕೇ ಮೇಜು, ಒಂದು ಖಾಲಿ. ಸರಳಾ ಕುರ್ಚಿ ಎಳೆದುಕೊಂಡು ಕೂತಳು. ಏಪ್ರನ್ ಕಟ್ಟಿದ ದಪ್ಪನೆಯ ಮುದುಕಿ ಬಂದಳು. ಇವಳಿಗೆ ಅವಳ ಭಾಷೆ ಬಾರದು, ಅವಳಿಗೆ ಇಂಗ್ಲಿಷು ಬಾರದು. ಸರಳಾ ಫೋನಿನಲ್ಲಿ ಬೀನ್ಸ್ ಬಜ್ಜಿಯ ಚಿತ್ರ ತೋರಿಸಿದಳು. ಮುದುಕಿ ತಲೆಯಾಡಿಸಿ, ಒಳಗೆ ಹೋಗಿ, ಒಂದು ಟೊಮ್ಯಾಟೊ ತಂದು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿ ಅಕ್ಕಿ ತೋರಿಸಿದಳು. ಹ್ಞೂಂ ಎಂದಳು ಸರಳಾ. ಅದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

ಬಜ್ಜಿ ಬಾಣಲೆಯಿಂದ ನೇರ ಬಂತು. ಬೆರಳು ಸುಟ್ಟಿತು. ಮೇಲೆ ಗರಿಗರಿ, ಒಳಗೆ ಬೀನ್ಸು ಹಸಿರಾಗಿಯೇ ಇತ್ತು. ಖಾರವಿಲ್ಲ, ಇಂಗಿಲ್ಲ, ಬರೀ ಉಪ್ಪು ಮತ್ತು ನಿಂಬೆಹಣ್ಣು. ಲೂರ್ಡೆಸ್ ಹನ್ನೊಂದು ವರ್ಷ ಬೇಜಾರು ಮಾಡಿಕೊಂಡದ್ದು ಸುಮ್ಮನೆ ಅಲ್ಲ. ಆಮೇಲೆ ಪುಟ್ಟ ಮಡಕೆಯಲ್ಲಿ ಟೊಮ್ಯಾಟೊ ಅನ್ನ, ಸಾರಿನಷ್ಟು ತೆಳ್ಳಗೆ, ಬೆಳ್ಳುಳ್ಳಿ ಮತ್ತು ಎಣ್ಣೆಯ ಘಮದೊಂದಿಗೆ. ಬೇರೆ ದಿನವಾಗಿದ್ದರೆ ದಶಮಿಗೆ ಬೆಳ್ಳುಳ್ಳಿಯೇ ಎಂದು ಅವಳೇ ಹಿಂಜರಿಯುತ್ತಿದ್ದಳು. ಅದನ್ನು ದೇವರು ತನ್ನ ಗಂಡನ ಲೆಕ್ಕಕ್ಕೆ ಬರೆದುಕೊಳ್ಳಲಿ ಎಂದು ಇನ್ನೊಂದು ಸೌಟು ಬಡಿಸಿಕೊಂಡಳು. ಪಕ್ಕದ ಮೇಜಿನ ಇಬ್ಬರು ಹೆಂಗಸರು ಯಾವುದೋ ಮನೆಯ ಜಗಳ ಮಾತಾಡುತ್ತಿದ್ದರು. ಮಾತು ಅರ್ಥವಾಗದಿದ್ದರೂ ತಪ್ಪು ಸೊಸೆಯದೇ ಎಂದು ಅವರು ತೀರ್ಮಾನಿಸಿದ್ದು ಅರ್ಥವಾಯಿತು. ಕೊನೆಗೆ ಸಣ್ಣ ಬಟ್ಟಲಿನಲ್ಲಿ ಕಪ್ಪು ಕಾಫಿ. ಅವಳು ಎದ್ದಾಗ ಎರಡು ಗಂಟೆ ದಾಟಿತ್ತು. ಖುಷಿಯಾಗಿದ್ದಳು. ಅದರ ಜೊತೆಗೆ, ನಲವತ್ತು ದೇಶಗಳಲ್ಲಿ ಇಂಥ ನಲವತ್ತು ಮಧ್ಯಾಹ್ನಗಳನ್ನು ಯಾವನೋ ತನ್ನ ಕೈಯಿಂದ ಕಿತ್ತುಕೊಂಡ ಹಾಗೆ ಸಿಟ್ಟೂ ಬಂತು. ಯಾವನೋ ಅಲ್ಲ, ಇವರೇ.

ಸಂಜೆ ಐದಕ್ಕೆ ಹಡಗು ಹೊರಟಿತು. ಡೆಕ್ಕಿನ ಕಟಾಂಜನಕ್ಕೆ ಒರಗಿ ನಿಂತಿದ್ದ ಸರಳಾಳ ಪಕ್ಕಕ್ಕೆ ದ್ವಾರಕಾನಾಥರು ಬಂದು ನಿಂತರು. ತುಟಿ ಒಣಗಿತ್ತು. ಸ್ವಲ್ಪ ಹೊತ್ತು ಸೇತುವೆಯ ಉದ್ದ ಎಷ್ಟು, ಎತ್ತರ ಎಷ್ಟು ಎಂದು ಹೇಳಿದರು. ಆಮೇಲೆ, ಏನು ತಿಂದೆ ಎಂದು ಕೇಳಿದರು. ಬಜ್ಜಿ ಎಂದಳು. ಚೆನ್ನಾಗಿತ್ತಾ ಎಂದರು. ಉಪವಾಸ ನಾಳೆ ಮಾಡಿ, ಈಗ ಏನಾದರೂ ತಿನ್ನಿ ಎಂದಳು. ಅವರು ಹಿಂದೆ ಬೆಂಚುಗಳಲ್ಲಿ ಸೋತು ಕೂತಿದ್ದ ತಮ್ಮ ಪಡೆಯ ಕಡೆ ತಿರುಗಿ ನೋಡಿ, ನಾಳೆ ಪಾರಣೆ ಎಂದರು.

ಮರುದಿನ ದಿನವಿಡೀ ಸಮುದ್ರ. ಮಡೈರಾ ದ್ವೀಪದ ಫಂಚಲ್ ಬರುವುದು ಅದರ ಮರುದಿನ. ಬೆಳಗ್ಗೆ ಏಳೂವರೆಗೆ ಬಫೆ ಹಾಲಿನಲ್ಲಿ ಎರಡು ಮೇಜು ಜೋಡಿಸಿ ಎಲ್ಲರೂ ಕೂತರು. ನೋವೈಯಿಂದ ತಂದ ರೆಡಿಮಿಕ್ಸ್ ಪೊಂಗಲಿಗೆ ಹಡಗಿನ ಬಿಸಿನೀರು ಹುಯ್ದು, ದ್ವಾರಕಾನಾಥರು ತಾವೇ ಬಡಿಸಿದರು. ಉಪವಾಸ ಮುಗಿಸಿದ ಹನ್ನೊಂದು ಜನರ ಸಂಯಮವನ್ನು ಹೊಗಳಿದರು. ಎಲ್ಲರೂ ಗಬಗಬ ತಿನ್ನತೊಡಗಿದರು. ಸರಳಾಳ ಮುಂದೆ ಒಂದು ಲೋಟ ನೀರು ಮಾತ್ರ ಇತ್ತು.

ಶಾಂಭವಿ ನೋಡಿದಳು. "ಯಾಕ್ರೀ ಅಕ್ಕಾರ, ತಾಟು ಖಾಲಿ ಇಟ್ಕೊಂಡು ಕುಂತೀರಿ? ಆರಾಮ ಇಲ್ಲೇನ್ರಿ?"

"ಆರಾಮಾಗಿದೀನಿ ಶಾಂಭವಿ. ಇವತ್ತು ಏಕಾದಶಿ."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಡಾಕ್ಟರ್ ಶಶಿಧರ ನಗಲು ಹೋಗಿ, ಅವಳ ಮುಖ ನೋಡಿ, ಫೋನು ತೆಗೆದ. ಹುಡುಕಿದ. ಓದಿದ. ಬಾಯಲ್ಲಿದ್ದದ್ದನ್ನು ನ್ಯಾಪ್‌ಕಿನ್ನಿಗೆ ಉಗುಳಿ ಮಡಿಸಿ ಪಕ್ಕಕ್ಕಿಟ್ಟು, ಫೋನನ್ನು ಹೆಂಡತಿಗೆ ಕೊಟ್ಟ. ಫೋನು ಕೈಯಿಂದ ಕೈಗೆ ಮೇಜು ಸುತ್ತಿತು. ಒಂದೊಂದೇ ಚಮಚ ಕೆಳಗೆ ಇಳಿಯಿತು. ಅನ್ನ ಬೇರೆ, ಹೆಸರುಬೇಳೆ ಬೇರೆ. ಏಕಾದಶಿಗೆ ಇದಕ್ಕಿಂತ ದೊಡ್ಡ ಅಪಚಾರ ಹುಡುಕಿದರೂ ಸಿಗುತ್ತಿರಲಿಲ್ಲ.

ಶಾಂಭವಿ ಎಲ್ಲರ ಮುಖವನ್ನೂ ನೋಡಿ ನಿಧಾನವಾಗಿ ಕೇಳಿದಳು. "ಹಂಗಂದ್ರ ನಿನ್ನಿ ನಾವು ಉಪಾಸ ಬಿದ್ದದ್ದು ಯಾತಕ್ಕ್ರೀ?"

ಎಲ್ಲರೂ ದ್ವಾರಕಾನಾಥರ ಕಡೆ ನೋಡುತ್ತಿದ್ದರು. ಅವರ ಚಮಚ ತುಂಬಿಕೊಂಡು ಬಾಯಿಯ ಹತ್ತಿರ ನಿಂತಿತ್ತು. ಕೆಳಗಿಟ್ಟು, ಲೆಕ್ಕ ತಪ್ಪಿತು ಎಂದಿದ್ದರೆ ಮುಗಿಯುತ್ತಿತ್ತು. ಹತ್ತು ಜನರೂ ನಕ್ಕು ಕ್ಷಮಿಸುತ್ತಿದ್ದರು. ಸರಳಾ ಕೂಡ ಅರ್ಧದಷ್ಟು ಕ್ಷಮಿಸುತ್ತಿದ್ದಳೋ ಏನೋ. ಅವಳು ಅದನ್ನೇ ಕಾಯುತ್ತಿದ್ದಳು.

"ನಾವು ನೋವೈಯವರು," ಎಂದರು ದ್ವಾರಕಾನಾಥರು. ಚಮಚವನ್ನು ಬಾಯಿಗಿಟ್ಟರು.

ಶಶಿಧರ ತಟ್ಟೆಯನ್ನು ದೂರ ತಳ್ಳಿ ಸರಳಾಳ ಕಡೆ ತಿರುಗಿ ಕೂತ. ನಾಳೆ ಫಂಚಲ್‌ನಲ್ಲಿ ನೀವು ಎಲ್ಲಿ ಊಟ ಮಾಡುತ್ತೀರಿ, ನಾವೂ ಬರಬಹುದೇ ಎಂದು ಕೇಳಿದ. ಗೊತ್ತಿಲ್ಲ, ಇಳಿದು ನೋಡೋಣ, ದ್ವಾದಶಿ ಪಾರಣೆ ಮುಗಿಸಿ ನಿಧಾನವಾಗಿ ಹೋಗೋಣ ಎಂದಳು ಅವಳು. ಶಾಂಭವಿ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು. ಆ ತುದಿಯಲ್ಲಿ, ಉಪನಯನವಾದ ದಿನದಿಂದ ಏಕಾದಶಿಗೆ ಒಂದು ಅಗುಳು ಮುಟ್ಟದ ದ್ವಾರಕಾನಾಥರು ಒಬ್ಬರೇ ತಲೆ ತಗ್ಗಿಸಿ, ಆರಿಹೋದ ಪೊಂಗಲನ್ನು ಅಗಿದು ಅಗಿದು ನುಂಗುತ್ತಿದ್ದರು.